ಬಂಡೆಯ ಮೇಲಿನ ಮಠಗಳು, ಅಮ್ಮನ ಮೊಣಕಾಲು



ಕಳೆದ ರಾಜ್ಯೋತ್ಸವದ ದಿನ ಸಂಘದ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೇ ಒಬ್ಬಳು ಕೇಳಿದಳು: “ಆಂಟಿ, ನೀವು ಗ್ರೀಸಿಗೆ ಹೋಗಿ ಬಂದಿರಂತೆ. ನಾನೂ ಅಣ್ಣನೂ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗುವವರಿದ್ದೇವೆ. ಮೆಟಿಯೋರ ಒಂದೇ ದಿನದಲ್ಲಿ ನೋಡಿ ಬರ್ಲಿಕ್ಕೆ ಆಗ್ತದಾ?” ಅಷ್ಟರಲ್ಲಿ ಕೋಸಂಬರಿಯ ಪಾತ್ರೆ ಎದುರಿಗೆ ಬಂತು, ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದ ಅರ್ಧವನ್ನು ಈ ತಿಂಗಳ ಅಂಕಣದಲ್ಲಿ ಎಲ್ಲರಿಗೂ ಸೇರಿಸಿ ಹೇಳಿಬಿಡುತ್ತೇನೆ.

ಮೆಟಿಯೋರ ಎಂಬ ಹೆಸರು ನಿಮ್ಮಲ್ಲಿ ಕೆಲವರಿಗೆ ಲಿಂಕಿನ್ ಪಾರ್ಕ್ ತಂಡದ 2003ರ ಆಲ್ಬಮ್‌ನಿಂದ ಗೊತ್ತಿರಬಹುದು. ಆ ಆಲ್ಬಮ್ಮಿಗೆ ಹೆಸರು ಬಂದದ್ದೇ ಈ ಜಾಗದಿಂದ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಗಾಳಿಯಲ್ಲಿ ತೂಗಿಕೊಂಡದ್ದು’ ಎಂದು. ಇಂಗ್ಲಿಷಿನ ‘ಮೀಟಿಯರ್’ ಕೂಡ ಅದೇ ಬೇರಿನ ಮಾತು. ಇಂಗ್ಲಿಷ್ ಬಿ.ಎ. ಮಾಡಿದ್ದಕ್ಕೆ ಇಷ್ಟಾದರೂ ಹೇಳದಿದ್ದರೆ ಹೇಗೆ!

ಮಧ್ಯ ಗ್ರೀಸಿನ ಥೆಸಲಿ ಎಂಬ ಬಯಲಿನ ಅಂಚಿನಲ್ಲಿ, ಕಲಂಬಾಕ ಎಂಬ ಸಣ್ಣ ಪೇಟೆಯ ನೆತ್ತಿಯ ಮೇಲೆ, ದೊಡ್ಡ ದೊಡ್ಡ ಬಂಡೆಗಳು ಕಂಬಗಳ ಹಾಗೆ ಎದ್ದು ನಿಂತಿವೆ. ಮರಳುಗಲ್ಲೂ ಬೆಣಚುಕಲ್ಲೂ ಬೆರೆತು ಗಟ್ಟಿಯಾದ ಬಂಡೆಗಳು. ಅವುಗಳ ತುದಿಯಲ್ಲಿ ಆರ್ಥೊಡಾಕ್ಸ್ ಕ್ರೈಸ್ತ ಸನ್ಯಾಸಿಗಳ ಮಠಗಳು. ಒಂದು ಕಾಲಕ್ಕೆ 24 ಮಠಗಳಿದ್ದವಂತೆ. ಈಗ ಜನ ವಾಸವಿರುವುದು 6. ಇವುಗಳಲ್ಲಿ ಎರಡು ಸನ್ಯಾಸಿನಿಯರದ್ದು. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹದಿನಾಲ್ಕನೆಯ ಶತಮಾನದಲ್ಲಿ ಅಥನಾಸಿಯೋಸ್ ಎಂಬ ಸನ್ಯಾಸಿ ಅಥೋಸ್ ಪರ್ವತದಿಂದ ಬಂದು ಇಲ್ಲಿಯ ಅತಿ ದೊಡ್ಡ ಮಠವನ್ನು ಸ್ಥಾಪಿಸಿದರು. ಕೆಳಗೆ ದಾಳಿ, ದರೋಡೆಗಳ ಕಾಲ. ಮೇಲೆ ಹೋದರೆ ದೇವರೂ ಹತ್ತಿರ, ಜೀವಕ್ಕೂ ಕ್ಷೇಮ. ಅವರ ನಂತರ ಬಂದ ಯೋಆಸಾಫ್ ರಾಜವಂಶದವರು, ಸಿಂಹಾಸನ ಬಿಟ್ಟು ಬಂದವರು. ಅವರೇ 1380ರ ದಶಕದಲ್ಲಿ ಅಲ್ಲಿಯ ದೇವಾಲಯವನ್ನು ದೊಡ್ಡದು ಮಾಡಿದರು. ಇದನ್ನು ಓದಿದಾಗ ನನಗೆ ನಮ್ಮ ಕಾರ್ಕಳ ನೆನಪಾಯಿತು. ಗೆದ್ದ ರಾಜ್ಯವನ್ನು ಬಿಟ್ಟು ನಿಂತ ಬಾಹುಬಲಿಯ ನೆರಳಿನಲ್ಲಿ ಬೆಳೆದವಳಲ್ಲವೇ ನಾನು! 1432ರಲ್ಲಿ ನಿಲ್ಲಿಸಿದ 42 ಅಡಿಯ ಆ ಮೂರ್ತಿಯನ್ನು ನೋಡಲು ಬಂಡೆ ಕೊರೆದ ಮೆಟ್ಟಿಲುಗಳನ್ನು ಲಂಗ ಎತ್ತಿ ಕಟ್ಟಿ ಓಡಿಕೊಂಡೇ ಹತ್ತುತ್ತಿದ್ದೆ. ಆಗ ಮೊಣಕಾಲು ಎಂಬುದು ಇದೆಯೆಂದೇ ಗೊತ್ತಿರಲಿಲ್ಲ.

ಈಗ ನಮ್ಮ ಮನೆಯ ಕಥೆ. ನಮ್ಮ ಮದುವೆಯ ಮೂವತ್ತನೆಯ ವರ್ಷಕ್ಕೆಂದು ಮಗಳು ಈ ಪ್ರವಾಸ ಹೊಂದಿಸಿದ್ದಳು. ಯೋಜನೆಯ ಹಾಳೆ ನನ್ನ ಮೊಬೈಲಿಗೆ ಬಂತು. ಅಥೆನ್ಸಿನಿಂದ ಬೆಳಗ್ಗೆ ಆರಕ್ಕೆ ಹೊರಡುವುದು, ಆರೂ ಮಠ ನೋಡುವುದು, ರಾತ್ರಿ ವಾಪಸು. ದಾರಿ ಒಂದು ಕಡೆಗೇ ಸುಮಾರು 350 ಕಿಲೋಮೀಟರ್, ನಾಲ್ಕರಿಂದ ಐದು ತಾಸು. ಅದರ ಕೆಳಗೆ ಇನ್ನೊಂದು ಸಾಲು: ‘ದೊಡ್ಡ ಮಠಕ್ಕೆ ಸುಮಾರು 300 ಮೆಟ್ಟಿಲು’.

ಎರಡು ವರ್ಷದಿಂದ ನನ್ನ ಬಲಗಾಲಿನ ಮೊಣಕಾಲು ಸರಿಯಿಲ್ಲ. ಇದನ್ನು ಮಗಳಿಗೆ ಹೇಳಿರಲಿಲ್ಲ. ದೂರದಲ್ಲಿರುವ ಹುಡುಗಿ, ಸುಮ್ಮನೆ ಚಿಂತೆ ಮಾಡ್ತಾಳೆ ಎಂದು. ಅವಳು ಫೋನ್ ಮಾಡಿದಾಗ ಏನು ಹೇಳಲಿ? “ನಂಗೆ ಈ ಚರ್ಚು, ಮಠ ಎಲ್ಲ ನೋಡುವ ಆಸೆ ಇಲ್ಲ ಮಾರಾಯ್ತಿ. ನೀವಿಬ್ಬರು ಹೋಗಿ ಬನ್ನಿ, ನಾನು ಹೋಟೆಲಲ್ಲಿ ಇರ್ತೇನೆ” ಅಂದೆ. ಆಚೆ ಕಡೆ ಮಾತಿಲ್ಲ. ಆಮೇಲೆ “ಆಯ್ತಮ್ಮ” ಎಂದು ಇಟ್ಟುಬಿಟ್ಟಳು. ನಾಲ್ಕು ದಿನ ಫೋನ್ ಬರಲಿಲ್ಲ. ಅವಳು ಒಂದು ವರ್ಷದಿಂದ ದುಡ್ಡು ಕೂಡಿಸಿ ಮಾಡಿದ ಉಡುಗೊರೆಯನ್ನು ಅಮ್ಮ ಬೇಡ ಅಂದಳು ಎಂದೇ ಅವಳು ತಿಳಿದದ್ದು.

ಕೊನೆಗೆ ಗುಟ್ಟು ಬಿಚ್ಚಿದ್ದು ನಮ್ಮವರು. “ನಿನ್ನಮ್ಮನಿಗೆ ಚರ್ಚಿನ ಮೇಲೆ ಸಿಟ್ಟಿಲ್ಲ ಮಗಾ, ಮೆಟ್ಟಿಲಿನ ಮೇಲೆ ಭಯ. ರಾತ್ರಿ ಮುಲಾಮಿನ ವಾಸನೆಗೆ ನನಗೆ ನಿದ್ದೆ ಬರುವುದಿಲ್ಲ” ಎಂದು ಅವಳಿಗೆ ಹೇಳಿಬಿಟ್ಟರು. ಅರ್ಧ ಗಂಟೆಯಲ್ಲಿ ಫೋನ್. “ಅಮ್ಮ, ಇಷ್ಟೇನಾ? ಮೊದಲೇ ಹೇಳ್ಲಿಕ್ಕೆ ಏನಾಗಿತ್ತು?” ಎಂದು ಅತ್ತಳು. ನಾನೂ ಅತ್ತೆ. ಆಮೇಲೆ ಇಬ್ಬರೂ ಕೂತು ಹಳೆಯ ಯೋಜನೆ ಹರಿದು ಹೊಸದು ಬರೆದೆವು. ಅದನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯದು, ಹಿರಿಯರು ಜೊತೆಗಿದ್ದರೆ ಅಥೆನ್ಸಿನಿಂದ ಒಂದೇ ದಿನದಲ್ಲಿ ಹೋಗಿ ಬರಬೇಡಿ. ಆಗುವುದಿಲ್ಲವೆಂದಲ್ಲ, ಹಾಗೆ ಕರೆದೊಯ್ಯುವ ಬಸ್ಸುಗಳು ಇವೆ. ಆದರೆ ಒಂಬತ್ತು ತಾಸು ಕೂತಿದ್ದೇ ನೆನಪಿರುತ್ತದೆ. ಹಿಂದಿನ ದಿನವೇ ಕಲಂಬಾಕಕ್ಕೆ ಹೋಗಿ ಮಲಗಿ, ಮಾರ್ಗದರ್ಶಿಯ ಜೊತೆ ಹೋಗುವ ಪ್ರವಾಸವನ್ನು ಅಲ್ಲಿಂದಲೇ ಹಿಡಿಯಿರಿ. ಬಸ್ಸಾದರೆ ತ್ರಿಕಾಲ ಎಂಬ ಊರಿನಲ್ಲಿ ಬದಲಾಯಿಸಬೇಕಾಗುತ್ತದೆ. 2023ರ ಸೆಪ್ಟೆಂಬರಿನ ‘ಡೇನಿಯಲ್’ ಬಿರುಗಾಳಿಯ ನೆರೆಗೆ ಥೆಸಲಿಯ ರೈಲು ಹಳಿಗಳು ಹಾಳಾಗಿದ್ದವು. ಹಾಗಾಗಿ ರೈಲನ್ನು ನಂಬುವ ಮೊದಲು ಆ ದಿನಕ್ಕೆ ಗಾಡಿ ಇದೆಯೇ ಎಂದು ವಿಚಾರಿಸಿ.

ಎರಡನೆಯದು, ಆರೂ ಮಠದ ಆಸೆ ಬಿಡಿ. ಪ್ರತಿ ಮಠಕ್ಕೂ ವಾರದಲ್ಲಿ ರಜೆಯಿದೆ, ಒಂದೊಂದಕ್ಕೆ ಒಂದೊಂದು ದಿನ. ಚಳಿಗಾಲಕ್ಕೆ ಬೇರೆ ವೇಳಾಪಟ್ಟಿ. ಸಂತ ಸ್ಟೀಫನ್ ಮಠ ಮಧ್ಯಾಹ್ನವೂ ಸ್ವಲ್ಪ ಹೊತ್ತು ಮುಚ್ಚುತ್ತದೆ. ಮೂರು ಮಠಗಳ ಒಳಗೆ ಹೋಗಿ, ಉಳಿದದ್ದನ್ನು ಹೊರಗಿನಿಂದ ನೋಡಿದರೆ ದಿನ ತುಂಬುತ್ತದೆ. ದುಡ್ಡು ಕಟ್ಟುವ ಮೊದಲು ಮಾರ್ಗದರ್ಶಿಯನ್ನು ಕೇಳಬೇಕಾದ ಪ್ರಶ್ನೆ ಎರಡೇ: ಆ ದಿನ ಯಾವುದು ತೆರೆದಿರುತ್ತದೆ? ಯಾವುದಕ್ಕೆ ಎಷ್ಟು ಮೆಟ್ಟಿಲು? ಸಂತ ಸ್ಟೀಫನ್ ಮಠಕ್ಕೆ ರಸ್ತೆಯಿಂದ ಸಣ್ಣ ಸೇತುವೆ ದಾಟಿದರೆ ಆಯಿತು, ಮೆಟ್ಟಿಲು ಇಲ್ಲವೆಂದೇ ಹೇಳಬಹುದು. 1961ರಿಂದ ಅದು ಸನ್ಯಾಸಿನಿಯರ ಮಠ. ವರ್ಲಾಮ್ ಮಠಕ್ಕೆ ಇನ್ನೂರರ ಹತ್ತಿರ. ಪವಿತ್ರ ತ್ರಿಮೂರ್ತಿ ಮಠ 1981ರ ಜೇಮ್ಸ್ ಬಾಂಡ್ ಚಿತ್ರದಲ್ಲಿ ಬಂದದ್ದು; ಅದಕ್ಕೆ ಮೊದಲು ಕೆಳಗಿಳಿದು ಆಮೇಲೆ ಹತ್ತಬೇಕು.

ಮೂರನೆಯದು ಬಟ್ಟೆ. ಗಂಡಸರಿಗೆ ಉದ್ದ ಪ್ಯಾಂಟು, ಹೆಂಗಸರಿಗೆ ಮೊಣಕಾಲು ಮುಚ್ಚುವ ಲಂಗ, ಎಲ್ಲರಿಗೂ ಭುಜ ಮುಚ್ಚಿರಬೇಕು. ಪ್ಯಾಂಟು ಹಾಕಿದ ಹುಡುಗಿಯರಿಗೆ ಬಾಗಿಲಲ್ಲೇ ಸುತ್ತಿಕೊಳ್ಳಲು ಬಟ್ಟೆ ಕೊಡುತ್ತಾರೆ. ನಾನು ಹತ್ತಿ ಸೀರೆಗೆ ಕ್ಯಾನ್ವಾಸ್ ಶೂ ಹಾಕಿ ಹೋದೆ. ಮಗಳು ನಕ್ಕಳು, ಬಾಗಿಲಲ್ಲಿದ್ದ ಸನ್ಯಾಸಿನಿ ಮಾತ್ರ ಮೆಚ್ಚಿ ತಲೆಯಾಡಿಸಿದರು. ದೇವಾಲಯದ ಒಳಗೆ ಫೋಟೊ ತೆಗೆಯುವಂತಿಲ್ಲ. ಮೇಣದ ಬತ್ತಿಯ ಬೆಳಕಿನಲ್ಲಿ ಗೋಡೆ ತುಂಬ ಸಂತರ ಚಿತ್ರಗಳು. ಅಲ್ಲಿ ಪ್ರಾರ್ಥನೆಗೆ ಬರುವವರೂ ಇದ್ದಾರೆ, ನೆನಪಿಡಿ. ನಮ್ಮ ಗರ್ಭಗುಡಿಯೆದುರು ಯಾರಾದರೂ ಕ್ಯಾಮೆರಾ ಹಿಡಿದು ನಿಂತರೆ ನಮಗೆ ಹೇಗಾಗುತ್ತದೆ?

ನಾಲ್ಕನೆಯದು ಊಟ. ಸಸ್ಯಾಹಾರಿಗಳು ‘ನಿಸ್ತೀಸಿಮ’ ಎಂಬ ಮಾತು ಕಲಿತುಕೊಳ್ಳಿ. ಅದು ಅವರ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ ಅವರ ಉಪವಾಸಕ್ಕೆ ನಡೆಯುತ್ತದೆ, ಅದನ್ನು ಬೇರೆಯಾಗಿ ಕೇಳಿಕೊಳ್ಳಿ!

ಕಳೆದ ವರ್ಷ ಅಕ್ಟೋಬರಿನಲ್ಲಿ ನಾವು ಹೋದೆವು. ಬಿಸಿಲೂ ಹಿತ, ಜನವೂ ಕಡಿಮೆ. ಸಂತ ಸ್ಟೀಫನ್ ಮಠದಲ್ಲಿ ನಾನೇ ಮುಂದೆ ನಡೆದೆ. ವರ್ಲಾಮಿಗೆ ಮಗಳ ಕೈ ಹಿಡಿದು, ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆ. ಅಲ್ಲಿ ಸುಮಾರು 12,000 ಲೀಟರ್ ಹಿಡಿಯುವ ಹಳೆಯ ಮರದ ನೀರಿನ ಪೀಪಾಯಿ ಇದೆ. ಮುಂಬಯಿಯಲ್ಲಿ ನೀರಿಗಾಗಿ ಬೆಳಗಿನ ಜಾವ ಎದ್ದವಳಿಗೆ ಅದಕ್ಕಿಂತ ದೊಡ್ಡ ವಿಸ್ಮಯ ಯಾವುದು! ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಮೆಟ್ಟಿಲು ಕೊರೆಯುವವರೆಗೆ ಮನುಷ್ಯರನ್ನೂ ಸಾಮಾನನ್ನೂ ಬಲೆಯಲ್ಲಿ ಕೂರಿಸಿ ಹಗ್ಗದಿಂದ ಎಳೆದುಕೊಳ್ಳುತ್ತಿದ್ದರು. “ಹಗ್ಗವನ್ನು ಯಾವಾಗ ಬದಲಾಯಿಸುತ್ತೀರಿ?” ಎಂದು ಕೇಳಿದರೆ, “ದೇವರು ಅದನ್ನು ಕಡಿದಾಗ” ಎನ್ನುತ್ತಿದ್ದರಂತೆ. ಮಾರ್ಗದರ್ಶಿ ಹೇಳಿದ ಕಥೆ.

ದೊಡ್ಡ ಮಠಕ್ಕೆ ಮಾತ್ರ ನಾನು ಹತ್ತಲಿಲ್ಲ. ಕೆಳಗೆ ಕಟ್ಟೆಯ ಮೇಲೆ ಕೂತೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಯೋಆಸಾಫರ ಆ ದೇವಾಲಯವನ್ನೇ ನೋಡಬೇಕೆಂದು ಆಸೆಪಟ್ಟವಳು ನಾನು. ಆದರೆ ಮಗಳು ಅರ್ಧ ದಾರಿಯಲ್ಲಿ ನಿಂತು, ತಿರುಗಿ, ಕೈ ಬೀಸಿದಳು. ಇಳಿದು ಬಂದ ಮೇಲೆ ಒಳಗೆ ಏನೇನಿತ್ತು ಎಂದು ಒಂದು ಗೋಡೆಯನ್ನೂ ಬಿಡದೆ ಹೇಳಿದಳು. ಚಿಕ್ಕವಳಿದ್ದಾಗ ಅವಳಿಗೆ ನಾನು ಕಾರ್ಕಳದ ಕಥೆ ಹೇಳುತ್ತಿದ್ದೆ. ಈಗ ಅವಳು ಹೇಳಿದಳು, ನಾನು ಕೇಳಿದೆ.

ಮಕ್ಕಳೇ, ಟಿಕೆಟ್, ವೀಸಾ, ಹೋಟೆಲು ಎಲ್ಲವನ್ನೂ ನೀವು ನಮಗಿಂತ ಚೆನ್ನಾಗಿ ಮಾಡುತ್ತೀರಿ. ಅದಕ್ಕೆ ಮೊದಲು ಒಂದು ಸಂಜೆ ಅಪ್ಪ ಅಮ್ಮನ ಜೊತೆ ಕೂತು, “ಎಷ್ಟು ಮೆಟ್ಟಿಲು ಹತ್ತಬಹುದು?” ಎಂದು ನೇರವಾಗಿ ಕೇಳಿ. ‘ನನಗೆ ಆಸಕ್ತಿ ಇಲ್ಲ’ ಎಂದರೆ ಇನ್ನೊಮ್ಮೆ ಕೇಳಿ. ಈ ಪುಟ ಓದುವ ನಿಮ್ಮ ಅಮ್ಮಂದಿರಿಗೂ ಒಂದು ಮಾತು: ನನ್ನ ಹಾಗೆ ಮುಚ್ಚಿಡಬೇಡಿ. ಮುಲಾಮಿನ ವಾಸನೆಯನ್ನು ಮುಚ್ಚಿಡಲಿಕ್ಕೆ ಹೇಗೂ ಆಗುವುದಿಲ್ಲ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.