ಪರಿಹಾರ ಯಾರಿಗೆ, ಸಾಲ ಯಾರ ತಲೆಗೆ?



ಒಂದು ಕಬ್ಬಿನ ಜಮೀನಿನ ಕಥೆ ಕೇಳಿ. ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಡ್ರಾಕ್ಸ್ ಹಾಲ್ ಅಂತ ಒಂದು ಎಸ್ಟೇಟು. 1640ರ ದಶಕದಲ್ಲಿ ಜೇಮ್ಸ್ ಡ್ರಾಕ್ಸ್ ಎಂಬ ಇಂಗ್ಲಿಷಿನವನು ಅಲ್ಲಿ ಕಬ್ಬು ಹಾಕಿಸಿದ. ಬೆಳೆದು, ಕಡಿದು, ಗಾಣಕ್ಕೆ ಕೊಟ್ಟವರು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಗುಲಾಮರು. ಕೂಲಿ ಇಲ್ಲ, ಹುಟ್ಟಿದ ಮಕ್ಕಳೂ ಒಡೆಯನ ಸೊತ್ತು.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡು ಪರಿಹಾರ ಮಂಜೂರು ಮಾಡಿತು. ಯಾರಿಗೆ? ದುಡಿದವರಿಗಲ್ಲ, ಒಡೆಯರಿಗೆ! ಡ್ರಾಕ್ಸ್ ವಾರಸುದಾರನಿಗೆ 189 ಜನರ ಲೆಕ್ಕದಲ್ಲಿ 4,293 ಪೌಂಡು ಸಿಕ್ಕಿತು. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ಮೇಲಾಗಿ ‘ಅಪ್ರೆಂಟಿಸು’ ಅಂತ ಹೆಸರು ಬದಲಿಸಿ 1838ರವರೆಗೆ ಬಿಟ್ಟಿ ದುಡಿಸಿಕೊಂಡರು.

ಈ ಪರಿಹಾರಕ್ಕಾಗಿ ಸರ್ಕಾರ ಎತ್ತಿದ ಸಾಲದ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ, ಜನರ ತೆರಿಗೆಯಿಂದ. ಆ ತೆರಿಗೆ ಕಟ್ಟಿದವರಲ್ಲಿ ಬ್ರಿಟನ್ನಿಗೆ ಬಂದು ನೆಲೆಸಿದ ಗುಲಾಮರ ವಂಶದವರೂ ಇದ್ದರು! ಜಮೀನು ಮಾತ್ರ 2020ರಲ್ಲೂ ಡ್ರಾಕ್ಸ್ ಮನೆತನದ ಕೈಲೇ ಇತ್ತು.

ಪರಿಹಾರ ಎಂಬ ಮಾತು ಬಂದಾಗ ಹಿಗ್ಗುವ ಮುಂಚೆ ಕೇಳಿ: ಹಣ ಯಾರ ಕೈಗೆ? ಸಾಲ ಯಾರ ತಲೆಗೆ? ಬೆವರಿನ ಬೆಲೆ ಕೇಳುವ ನಾವು, ನಮ್ಮ ಹೊಲದಲ್ಲಿ ಕಬ್ಬು ಕಡಿಯುವವರ ಬೆವರನ್ನೂ ಆ ಲೆಕ್ಕಕ್ಕೆ ಸೇರಿಸೋಣ.