ಮಾರ್ಟಿನೆಜ್ ಬರೀ ಕಾಯುತ್ತಾ ಕೂರಲಿಲ್ಲ

‘ಹತ್ತು ವರ್ಷ ಬೆಂಚಿನಲ್ಲಿ ಕಾದ, ಕೊನೆಗೆ ವಿಶ್ವಕಪ್ ಗೆದ್ದ.’ ಅರ್ಜೆಂಟೀನಾದ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಫೋಟೊ ಹಾಕಿದ ಇಂಥ ಪೋಸ್ಟರ್‌ಗಳನ್ನು ನೀವೂ ವಾಟ್ಸ್‌ಆ್ಯಪ್‌ನಲ್ಲಿ ನೋಡಿರಬಹುದು. ಕೆಳಗೆ ‘ತಾಳಿದವನು ಬಾಳಿಯಾನು’ ಎಂಬ ಸಾಲು ಬೇರೆ. ಕಥೆ ಅಷ್ಟು ಸರಳವಲ್ಲ ಎಂಬುದು ನನ್ನ ತಕರಾರು.

ತಂಡದಲ್ಲಿ ಡಿಫೆಂಡರ್‌ಗಳು ನಾಲ್ವರಿರಬಹುದು. ಗೋಲ್‌ಕೀಪರ್ ಮಾತ್ರ ಒಬ್ಬನೇ. ಅವನು ಚೆನ್ನಾಗಿ ಆಡುತ್ತಿದ್ದರೆ ಎರಡನೆಯವನಿಗೆ ಇಡೀ ಸೀಸನ್ ಬೆಂಚೇ ಗತಿ. ಮಾರ್ ದೆಲ್ ಪ್ಲಾತಾ ಊರಿನ ಮಾರ್ಟಿನೆಜ್ 2010ರಲ್ಲಿ, 17ನೇ ವಯಸ್ಸಿಗೆ ಲಂಡನ್ನಿನ ಆರ್ಸೆನಲ್ ಕ್ಲಬ್ ಸೇರಿದ. ಹತ್ತು ವರ್ಷಗಳಲ್ಲಿ ಅದರ ಪರ ಆಡಿದ್ದು ಬರೀ 38 ಪಂದ್ಯ. ಹಾಗಂತ ಕೈಕಟ್ಟಿ ಕೂರಲಿಲ್ಲ. ಆಕ್ಸ್‌ಫರ್ಡ್, ಶೆಫೀಲ್ಡ್, ರಾದರ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್, ರೆಡಿಂಗ್, ಸ್ಪೇನಿನ ಗೆಟಾಫೆ ಹೀಗೆ ಆರು ಕ್ಲಬ್ಬುಗಳಿಗೆ ಎರವಲು ಆಟಗಾರನಾಗಿ ಹೋಗಿಬಂದ. ಹೆಚ್ಚಿನವು ಆಗ ಎರಡನೇ ದರ್ಜೆಯ ಲೀಗ್‌ನಲ್ಲಿದ್ದವು.

2020ರ ಜೂನ್‌ನಲ್ಲಿ ಬ್ರೈಟನ್ ವಿರುದ್ಧದ ಪಂದ್ಯದಲ್ಲಿ ಆರ್ಸೆನಲ್‌ನ ಮೊದಲ ಗೋಲ್‌ಕೀಪರ್ ಬರ್ನ್ಡ್ ಲೆನೊ ಮಂಡಿಗೆ ಪೆಟ್ಟಾಯಿತು. ಮಾರ್ಟಿನೆಜ್‌ಗೆ ಜಾಗ ಸಿಕ್ಕಿದ್ದು ಹಾಗೆ. ಅಂದು ಆ ಪೆಟ್ಟು ಆಗದಿದ್ದರೆ? ಯಾವ ಪೋಸ್ಟರೂ ಇದನ್ನು ಕೇಳುವುದಿಲ್ಲ. ಅದೃಷ್ಟವೂ ಒಂದಿದೆ ಎಂದು ಒಪ್ಪಿಕೊಂಡರೆ, ಕೆಲಸ ಸಿಗದವರನ್ನೆಲ್ಲ ಸೋಮಾರಿಗಳು ಎನ್ನಲು ಬರುವುದಿಲ್ಲವಲ್ಲ!

ನನಗೆ ಹೆಚ್ಚು ಹಿಡಿಸಿದ್ದು ನಂತರದ ಭಾಗ. ಆಗಸ್ಟ್‌ನಲ್ಲಿ ಆರ್ಸೆನಲ್ ಎಫ್‌ಎ ಕಪ್ ಗೆದ್ದಾಗ ಗೋಲು ಕಾದದ್ದು ಆತನೇ. ಆದರೂ ಲೆನೊ ಚೇತರಿಸಿಕೊಂಡ ಮೇಲೆ ತನ್ನ ಜಾಗ ಉಳಿಯುತ್ತದೆಂಬ ಖಾತರಿ ಸಿಗಲಿಲ್ಲ. ಈ ಸಲ ಆತ ಕಾಯಲಿಲ್ಲ. ಮರುತಿಂಗಳೇ ಆಸ್ಟನ್ ವಿಲ್ಲಾ ಸೇರಿದ. ಹಿಂದಿನ ಸೀಸನ್‌ನಲ್ಲಿ ಕೆಳದರ್ಜೆಗೆ ಜಾರುವುದರಿಂದ ಒಂದೇ ಅಂಕದಲ್ಲಿ ಪಾರಾಗಿದ್ದ ತಂಡವದು! ಅಲ್ಲಿ ಮೊದಲ ಸೀಸನ್‌ನಲ್ಲೇ 38 ಲೀಗ್ ಪಂದ್ಯಗಳಲ್ಲೂ ಆಡಿದ. ಆರ್ಸೆನಲ್‌ನ ಹತ್ತು ವರ್ಷದ ಲೆಕ್ಕ ಇಲ್ಲಿ ಒಂದೇ ವರ್ಷದಲ್ಲಿ ಮುಗಿಯಿತು. 2021ರ ಜೂನ್‌ನಲ್ಲಿ, 28ನೇ ವಯಸ್ಸಿಗೆ ಅರ್ಜೆಂಟೀನಾ ಪರ ಮೊದಲ ಪಂದ್ಯ. ಮರುತಿಂಗಳು ಕೋಪಾ ಅಮೆರಿಕ ಸೆಮಿಫೈನಲ್‌ನಲ್ಲಿ ಕೊಲಂಬಿಯಾದ ಮೂರು ಪೆನಾಲ್ಟಿ ತಡೆದ. 2022ರ ವಿಶ್ವಕಪ್ ಫೈನಲ್‌ನ ಕೊನೆಯ ಕ್ಷಣದಲ್ಲಿ ಫ್ರಾನ್ಸ್‌ನ ಕೊಲೊ ಮುವಾನಿ ಒದ್ದ ಚೆಂಡನ್ನು ಎಡಗಾಲು ಚಾಚಿ ತಡೆದದ್ದನ್ನು ಎಷ್ಟು ಸಲ ನೋಡಿದರೂ ಸಾಲದು. ಎದುರಾಳಿಗಳನ್ನು ಆತ ಕೆಣಕುವ ರೀತಿ ನನಗೆ ಇಷ್ಟವಿಲ್ಲ, ಅದು ಬೇರೆ ಮಾತು.

ನಮ್ಮಲ್ಲಿ ವಯೋಮಿತಿ ಮೀರುವವರೆಗೂ ಒಂದೇ ಹುದ್ದೆಗೆ ಕಾಯುವುದನ್ನು ತಪಸ್ಸು ಎನ್ನುತ್ತಾರೆ. ನಡುವೆ ಸಣ್ಣ ಕೆಲಸಕ್ಕೆ ಸೇರಿದರೆ ‘ಛಲ ಬಿಟ್ಟ’ ಎನ್ನುತ್ತಾರೆ. ‘ಇನ್ನೊಂದು ಅಟೆಂಪ್ಟ್ ನೋಡು’ ಎನ್ನುವ ಕೋಚಿಂಗ್ ಸೆಂಟರ್‌ಗೆ ಅದು ಇನ್ನೊಂದು ವರ್ಷದ ಫೀಸು. ಬಿ.ಕಾಂ. ಮುಗಿಸಿ ಮೂರು ವರ್ಷ ಪರೀಕ್ಷೆಗಳನ್ನೇ ಬರೆದ ನಾನು ಈಗ ಲೆಕ್ಕಪರಿಶೋಧಕರೊಬ್ಬರ ಕಚೇರಿ ಸೇರಿದ್ದೇನೆ. ಸಂಬಳ ಕಡಿಮೆ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವುದು ಕಲಿತೆ. ಎಫ್‌ಡಿಎ ಪುಸ್ತಕಗಳು ಇನ್ನೂ ಮೇಜಿನ ಮೇಲೇ ಇವೆ, ರಾತ್ರಿ ಒಂಬತ್ತರ ಮೇಲೆ ಓದುತ್ತೇನೆ.