ಕ್ಲೈಂಟಿಗೆ ಈ ಕ್ಲಾಸು ಯಾವತ್ತು?

ಐಟಿ ಕಂಪನಿಗಳಲ್ಲಿ ಕೆಲಸ ಮಾಡೋರಿಗೆ ಈ ಟ್ರೈನಿಂಗ್ ಗೊತ್ತಿರುತ್ತೆ. ಹೆಸರು 'ಕಲ್ಚರಲ್ ಇಂಟೆಲಿಜೆನ್ಸ್'. ಅರ್ಧ ದಿನ, ರಾಶಿ ಸ್ಲೈಡುಗಳು, ನಡುವೆ ಸಮೋಸ-ಕಾಫಿ. ಅಮೆರಿಕದವರ ಜೊತೆ ಮಾತಾಡುವಾಗ ತಲೆ ಅಲ್ಲಾಡಿಸಬೇಡಿ, ಆಗಲ್ಲ ಅಂದ್ರೆ ಆಗಲ್ಲ ಅಂತಲೇ ಹೇಳಿ, ಜರ್ಮನಿಯವರಿಗೆ ಹತ್ತು ಗಂಟೆ ಅಂದರೆ ಹತ್ತೇ ಗಂಟೆ... ಕೊನೆಗೊಂದು ಸರ್ಟಿಫಿಕೇಟು. ಸಂಸ್ಕೃತಿ ಕಲಿತಾಯ್ತು!

ಕಲಿಯೋದರ ಬಗ್ಗೆ ನನಗೇನೂ ತಕರಾರಿಲ್ಲ. ಇನ್ನೊಬ್ಬರ ರೀತಿ-ರಿವಾಜು ತಿಳಿದುಕೊಂಡರೆ ಒಳ್ಳೆಯದೇ. ಆದರೆ ಯಾವಾಗಲೂ ನಾವೇ ಯಾಕೆ ಕಲಿಯಬೇಕು? ನಮ್ಮ 'ನೋಡೋಣ' ಅನ್ನೋ ಮಾತಿನಲ್ಲಿ ಮುಕ್ಕಾಲು ಪಾಲು 'ಇಲ್ಲ' ಇರುತ್ತೆ. ಆಟದ ಸಾಮಾನು ಕೇಳಿದ ಐದು ವರ್ಷದ ಮಗುವಿಗೂ ಅದು ಅರ್ಥವಾಗುತ್ತೆ. ಅದನ್ನ ಕ್ಲೈಂಟಿಗೆ ಹೇಳಿಕೊಡೋ ಸ್ಲೈಡು ಎಲ್ಲೋ ಅಪರೂಪಕ್ಕೆ ಇರಬಹುದು, ನಾನಂತೂ ನೋಡಿಲ್ಲ.

2000ದ ದಶಕದ ಬೆಂಗಳೂರಿನ ಕಾಲ್ ಸೆಂಟರುಗಳನ್ನ ನೆನಪಿಸಿಕೊಳ್ಳಿ. ರಾತ್ರಿ ಪಾಳಿಯ ಹುಡುಗ ಹುಡುಗಿಯರು ಉಚ್ಚಾರಣೆ ತಿದ್ದಿಕೊಂಡಿದ್ದು ಸಾಲದು ಅಂತ ಎಷ್ಟೋ ಕಡೆ ಹೆಸರನ್ನೂ ಬದಲಾಯಿಸಿಕೊಳ್ಳಬೇಕಾಯ್ತು. ಮಂಜುನಾಥ ಫೋನಿನಲ್ಲಿ ಮೈಕ್ ಆದ, ಸವಿತಾ ಸ್ಯಾಂಡಿ ಆದಳು. 'ಮಂಜುನಾಥ' ಅನ್ನೋ ನಾಲ್ಕು ಅಕ್ಷರ ಆ ಕಡೆಯವರ ಬಾಯಲ್ಲಿ ಹೊರಳಲಿ ಅಂತ ಯಾವ ಟ್ರೈನರೂ ತಲೆಕೆಡಿಸಿಕೊಳ್ಳಲಿಲ್ಲ. ದುಡ್ಡು ಕೊಡೋರ ಮುಂದೆ ಬಗ್ಗೋದು ಹೊಟ್ಟೆಪಾಡು, ಒಪ್ಪೋಣ. ಅದಕ್ಕೆ 'ಇಂಟೆಲಿಜೆನ್ಸ್' ಅಂತ ಯಾಕೆ ನಾಮಕರಣ ಮಾಡಬೇಕೋ!

ಇನ್ನು ಆ ಸ್ಲೈಡುಗಳಲ್ಲಿ ಆಗಾಗ ಬರೋ ಅಂಕಿಗಳು. ನೆದರ್ಲೆಂಡ್ಸಿನ ಗೀರ್ಟ್ ಹಾಫ್‌ಸ್ಟೆಡ್ 1967ರಿಂದ 1973ರ ನಡುವೆ ಹತ್ತಾರು ದೇಶಗಳ ಐಬಿಎಂ ನೌಕರರು ತುಂಬಿಕೊಟ್ಟ ಪ್ರಶ್ನಾವಳಿಗಳನ್ನ ಇಟ್ಟುಕೊಂಡು 1980ರಲ್ಲಿ ಪುಸ್ತಕ ಬರೆದರು. ವ್ಯಕ್ತಿವಾದದಲ್ಲಿ ಅಮೆರಿಕಕ್ಕೆ 91, ಭಾರತಕ್ಕೆ 48. ಮೇಲಿನವರ ಅಧಿಕಾರವನ್ನ ಒಪ್ಪಿಕೊಳ್ಳೋದರಲ್ಲಿ ಅಮೆರಿಕಕ್ಕೆ 40, ಭಾರತಕ್ಕೆ 77. ದೊಡ್ಡ ಕೆಲಸವೇ, ಇಲ್ಲ ಅನ್ನಲ್ಲ. ಇವು ದೇಶದ ಸರಾಸರಿ, ಒಬ್ಬೊಬ್ಬ ಮನುಷ್ಯನಿಗೆ ಅಂಟಿಸಬೇಡಿ ಅಂತ ಆತನೇ ಎಚ್ಚರಿಸಿದ್ದರು. ಆದರೆ ಟ್ರೈನಿಂಗಿನಲ್ಲಿ ಮಾಡೋದು ಅದನ್ನೇ. ಒಂದೇ ಕಂಪನಿಯ ನೌಕರರು ಅರ್ಧ ಶತಮಾನದ ಹಿಂದೆ ಟಿಕ್ ಹಾಕಿದ್ದರಲ್ಲಿ ಬೀದರಿನ ರೈತ ಎಲ್ಲಿದ್ದಾನೆ? ಉಳ್ಳಾಲದ ಮೀನುಗಾರ ಎಲ್ಲಿದ್ದಾನೆ? ಅಂದಹಾಗೆ ಆ ಕಂಪನಿ 1978ರಲ್ಲಿ ಭಾರತ ಬಿಟ್ಟೇ ಹೋಗಿತ್ತು, ಮರಳಿದ್ದು ತೊಂಬತ್ತರ ದಶಕದಲ್ಲಿ.

ಭಾರತ ಬಿಡಿ, ಕರ್ನಾಟಕಕ್ಕೇ ಒಂದು ಅಂಕಿ ಸಾಲುತ್ತಾ? ಧಾರವಾಡದ ಕಡೆಯವರು ಸಲುಗೆಯಿಂದ 'ಬಾರಲೇ' ಅಂದರೆ ಮೈಸೂರಿನವರಿಗೆ ಜಗಳಕ್ಕೆ ಕರೆದ ಹಾಗೆ ಕೇಳಿಸುತ್ತೆ. ಮೈಸೂರಿನವರ 'ಬನ್ನಿ, ಕೂತ್ಕೊಳ್ಳಿ' ಆ ಕಡೆಯವರಿಗೆ ತೀರಾ ನಾಜೂಕು, ಮೇಲುಮೇಲಿನ ಮಾತು ಅನ್ನಿಸುತ್ತೆ. ನಮ್ಮ ಸಿನಿಮಾಗಳು ಎಷ್ಟೋ ವರ್ಷ ಉತ್ತರ ಕರ್ನಾಟಕದ ಮಾತನ್ನೂ ಮಂಗಳೂರು ಕನ್ನಡವನ್ನೂ ನಗಿಸೋದಕ್ಕೇ ಇಟ್ಟುಕೊಂಡಿದ್ದವು.

ನಿಜವಾದ ಜಾಣ್ಮೆ ನೋಡಬೇಕಾದರೆ ಮಂಗಳೂರಿನ ಬಂದರಿನ ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತ್ಕೊಳ್ಳಿ. ಗಿರಾಕಿಯ ಮುಖ ನೋಡುತ್ತಲೇ ಅಂಗಡಿಯಾತ ತುಳುವಿನಿಂದ ಬ್ಯಾರಿಗೆ, ಬ್ಯಾರಿಯಿಂದ ಕೊಂಕಣಿಗೆ, ಘಟ್ಟದ ಮೇಲಿನವರು ಬಂದರೆ ಕನ್ನಡಕ್ಕೆ ಜಾರುತ್ತಾನೆ. ಯಾರಿಗೆ 'ಮಾರಾಯ್ರೇ' ಅನ್ನಬೇಕು, ಯಾರ ಹತ್ತಿರ ಚೌಕಾಸಿ ಬೇಡ ಅನ್ನೋದೂ ಗೊತ್ತು. ಗಿರಾಕಿಗಳೂ ಅಷ್ಟೆ, ಆತನ ಭಾಷೆಗೆ ಬರುತ್ತಾರೆ. ಇಬ್ಬರೂ ಅರ್ಧ ದಾರಿ ನಡೀತಾರೆ. ಯಾರ ಹತ್ತಿರವೂ ಸರ್ಟಿಫಿಕೇಟಿಲ್ಲ :)

ನಮ್ಮ ಟೆಕ್ ಪಾರ್ಕುಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಯಾವ ಗುರುವಾರ ಅಂತ ಎಲ್ಲರಿಗೂ ಗೊತ್ತು. ದಿನಾ ನಮ್ಮ ಟೇಬಲ್ ಒರೆಸೋ ರಾಯಚೂರು ಕಡೆಯ ಅಕ್ಕ ಎಳ್ಳಮಾವಾಸ್ಯೆಗೆ ರಜ ಕೇಳಿದರೆ ಮಾತ್ರ 'ಅದೇನು ಹಬ್ಬ?' ಅಂತ ಸೂಪರ್‌ವೈಸರ್ ಮುಖ ನೋಡ್ತಾನೆ. ಹೊಲಕ್ಕೆ ಹೋಗಿ ಚರಗ ಚೆಲ್ಲೋದು ಅಂದರೇನು ಅಂತ ಆತನಿಗೆ ತಿಳಿಸೋ ಸ್ಲೈಡೂ ಇಲ್ಲ.

ಮುಂದಿನ ಸಲ ಟ್ರೈನರ್ ಬಂದು 'ಎನಿ ಕ್ವೆಶ್ಚನ್ಸ್?' ಅಂದಾಗ ಕೈ ಎತ್ತಿ ಕೇಳಿ, ಕ್ಲೈಂಟಿಗೆ ಈ ಕ್ಲಾಸು ಯಾವತ್ತು ಅಂತ. ಬಹುಶಃ ಅವರು 'ನೋಡೋಣ' ಅಂತಾರೆ.